ಯಂತ್ರಯುಗ ಮತ್ತು ದುಡಿಮೆಯ ಅರ್ಥ

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯು ಕನ್ನಡ ನಾಡಿನ ಹಳ್ಳಿಹಳ್ಳಿಯಲ್ಲಿಯೂ ಬಳಕೆಯಲ್ಲಿದೆ. ಕೆಸರಾಗುವ ಕೈಯೂ ಮೊಸರುಣ್ಣುವ ಬಾಯಿಯೂ ಒಬ್ಬನವೇ ಎಂಬ ನಂಬಿಕೆಯ ಮೇಲೆ ಈ ಮಾತು ನಿಂತಿದೆ. ಹೊಲ ಉಳುವವನು, ಮಗ್ಗದ ಕುಣಿಯಲ್ಲಿ ಕುಳಿತು ನೇಯುವವನು, ತಿಗರಿಯ ಮುಂದೆ ಗಡಿಗೆ ಮಾಡುವವನು ತನ್ನ ದುಡಿಮೆಯ ಆದಿಯನ್ನೂ ಅಂತ್ಯವನ್ನೂ ಕಣ್ಣಾರೆ ಕಾಣುತ್ತಿದ್ದ ಕಾಲದಲ್ಲಿ ಹುಟ್ಟಿದ ಗಾದೆಯಿದು. ಆ ಕಾಲದಲ್ಲಿ ಅರಸನ ಕಂದಾಯವಾಗಲಿ, ಒಡೆಯನ ಪಾಲಾಗಲಿ ಇರಲಿಲ್ಲವೆಂದು ಇದರ ಅರ್ಥವಲ್ಲ. ಆದರೂ ತಾನು ಮಾಡಿದ ವಸ್ತು ಯಾವುದು, ಅದನ್ನು ಬಳಸುವವರು ಯಾರು ಎಂಬುದು ದುಡಿಯುವವನಿಗೆ ತಿಳಿದಿತ್ತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿ ಮುಂದೆ ಯುರೋಪಿನ ಇತರ ದೇಶಗಳಿಗೆ ಹಬ್ಬಿದ ಕೈಗಾರಿಕಾ ಕ್ರಾಂತಿಯು ಈ ಸಂಬಂಧವನ್ನು ಸಡಿಲಿಸಿತು. ಆ ಯುಗದ ಅರ್ಥಶಾಸ್ತ್ರ, ವಿಜ್ಞಾನ ಮತ್ತು ಕಲೆಗಳ ಹೊಸ ವಿಚಾರಗಳನ್ನು ಬೇರೆ ಬೇರೆಯಾಗಿ ಅಭ್ಯಸಿಸುವುದು ರೂಢಿ. ಅವನ್ನು ಒಂದೆಡೆ ಇಟ್ಟು ನೋಡಿದರೆ ಮೂರರ ನಡುವೆಯೂ ಒಂದೇ ಪ್ರಶ್ನೆ ಹಾಸುಹೊಕ್ಕಾಗಿರುವುದು ಕಾಣುತ್ತದೆ. ದುಡಿಮೆ ಎಂದರೇನು? ಅದನ್ನು ಅಳೆಯುವ ಬಗೆ ಯಾವುದು? ಹಾಗೆ ಅಳೆಯುವಾಗ ದುಡಿಯುವ ಮನುಷ್ಯನು ಲೆಕ್ಕದ ಒಳಗಿರುವನೋ ಹೊರಗಿರುವನೋ?

ಈ ಕಥೆಯು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಿಂದ ತೊಡಗುವುದು ಉಚಿತ. ಕ್ರಿ. ಶ. 1760ರ ಆಸುಪಾಸಿನಲ್ಲಿ ಅಲ್ಲಿ ಮೂವರು ಪ್ರತಿಭಾವಂತರು ಏಕಕಾಲದಲ್ಲಿ ಇದ್ದರು. ಆಡಂ ಸ್ಮಿತ್ತನು ಅಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ಜೋಸೆಫ್ ಬ್ಲ್ಯಾಕನು ಉಷ್ಣದ ಸ್ವರೂಪವನ್ನು ಶೋಧಿಸುತ್ತಿದ್ದ ರಸಾಯನಶಾಸ್ತ್ರಜ್ಞನು. ಜೇಮ್ಸ್ ವಾಟನು ವಿಶ್ವವಿದ್ಯಾಲಯದ ಆವರಣದಲ್ಲಿಯೇ ಚಿಕ್ಕ ಕಮ್ಮಟವನ್ನಿಟ್ಟುಕೊಂಡು ಉಪಕರಣಗಳನ್ನು ದುರಸ್ತಿ ಮಾಡುತ್ತಿದ್ದ ಕುಶಲಕರ್ಮಿ. ನ್ಯೂಕಾಮನ್ನನ ಹಳೆಯ ಉಗಿಯಂತ್ರದ ಒಂದು ಮಾದರಿಯು ದುರಸ್ತಿಗೆ ಬಂದಾಗ, ಅದು ಉಗಿಯನ್ನು ವೃಥಾ ಕಳೆಯುತ್ತಿರುವುದನ್ನು ವಾಟನು ಕಂಡನು. ಪ್ರತಿ ಸಲವೂ ಕೊಳವೆಯನ್ನು ತಣ್ಣಗಾಗಿಸಿ ಮತ್ತೆ ಕಾಯಿಸಬೇಕಾಗಿದ್ದುದೇ ಈ ನಷ್ಟಕ್ಕೆ ಕಾರಣವಾಗಿತ್ತು. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸುವ ಉಪಾಯವು ಅವನಿಗೆ 1765ರಲ್ಲಿ ಹೊಳೆಯಿತು. 1769ರಲ್ಲಿ ಅದಕ್ಕೆ ಸನ್ನದು ದೊರೆಯಿತು. ಹೀಗೆ ಹೊಸ ಅರ್ಥಶಾಸ್ತ್ರದ ಬೀಜವೂ ಹೊಸ ಯಂತ್ರದ ಬೀಜವೂ ಒಂದೇ ಅಂಗಳದಲ್ಲಿ ಬಿದ್ದುವು.

1776ರಲ್ಲಿ ಪ್ರಕಟವಾದ ಸ್ಮಿತ್ತನ 'ರಾಷ್ಟ್ರಗಳ ಸಂಪತ್ತು' ಎಂಬ ಗ್ರಂಥವು ಹೊಸ ಅರ್ಥಶಾಸ್ತ್ರಕ್ಕೆ ತಳಹದಿಯಾಯಿತು. ರಾಷ್ಟ್ರದ ಸಂಪತ್ತು ಬೊಕ್ಕಸದ ಚಿನ್ನದಲ್ಲಿಲ್ಲ, ಜನರ ದುಡಿಮೆಯಲ್ಲಿದೆ ಎಂಬುದು ಆತನ ಪ್ರತಿಪಾದನೆ. ಅದಕ್ಕೆ ಆತನು ಕೊಟ್ಟ ದೃಷ್ಟಾಂತವು ಗುಂಡುಸೂಜಿಯ ಕಾರ್ಖಾನೆ. ಒಬ್ಬನು ತಂತಿ ಎಳೆಯುತ್ತಾನೆ, ಇನ್ನೊಬ್ಬನು ಅದನ್ನು ನೇರಗೊಳಿಸುತ್ತಾನೆ, ಮತ್ತೊಬ್ಬನು ಕತ್ತರಿಸುತ್ತಾನೆ, ಮಗದೊಬ್ಬನು ಮೊನೆ ಮಾಡುತ್ತಾನೆ. ಒಟ್ಟು ಸುಮಾರು 18 ಹಂತಗಳು. ಹೀಗೆ ಹಂಚಿಕೊಂಡ ಹತ್ತು ಜನ ದಿನಕ್ಕೆ 48,000 ಸೂಜಿಗಳನ್ನು ಮಾಡಬಲ್ಲರು. ಕಸುಬು ಕಲಿಯದ ಒಬ್ಬನೇ ಕುಳಿತರೆ ದಿನಕ್ಕೆ 20 ಸೂಜಿ ಮಾಡುವುದೂ ಕಷ್ಟ. ಶ್ರಮವಿಭಜನೆಯ ಈ ಪ್ರಶಂಸೆಯನ್ನು ಮುಂದಿನವರು ಮತ್ತೆ ಮತ್ತೆ ಉದಾಹರಿಸಿದರು. ಆದರೆ ಅದೇ ಗ್ರಂಥದ ಐದನೆಯ ಭಾಗದಲ್ಲಿ ಸ್ಮಿತ್ತನು ಹೇಳಿದ ಇನ್ನೊಂದು ಮಾತನ್ನು ಅಷ್ಟಾಗಿ ನೆನೆಯಲಿಲ್ಲ. ಬಾಳೆಲ್ಲ ಒಂದೆರಡು ಸರಳ ಕ್ರಿಯೆಗಳನ್ನೇ ಮಾಡುತ್ತ ಕಳೆಯುವವನ ಬುದ್ಧಿ ಮೊಂಡಾಗುತ್ತದೆ, ಮಾತುಕತೆಯ ರುಚಿಯೂ ಉದಾತ್ತ ಭಾವನೆಯೂ ಅವನಲ್ಲಿ ಬತ್ತುತ್ತವೆ, ಆದ್ದರಿಂದ ಬಡವರ ಮಕ್ಕಳ ವಿದ್ಯಾಭ್ಯಾಸಕ್ಕೆ ಸರಕಾರವು ಗಮನ ಕೊಡಬೇಕು ಎಂಬುದು ಆ ಎಚ್ಚರಿಕೆಯ ಸಾರ. ಸೂಜಿಯನ್ನು ಎಣಿಸಿದ ತತ್ತ್ವಜ್ಞನು ಸೂಜಿ ಮಾಡುವವನನ್ನು ಮರೆತಿರಲಿಲ್ಲ.

ಆದರೆ ಕಾಲವು ಎಣಿಕೆಯ ಕಡೆಗೇ ವಾಲಿತು. ರಿಚರ್ಡ್ ಆರ್ಕ್‌ರೈಟನು 1771ರಲ್ಲಿ ಕ್ರಾಮ್‌ಫರ್ಡ್ ಎಂಬಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿಯನ್ನು ಸ್ಥಾಪಿಸಿದನು. ಕ್ರಾಂಪ್ಟನ್ನನ ನೂಲುವ ಯಂತ್ರವು 1779ರಲ್ಲಿಯೂ ಕಾರ್ಟ್‌ರೈಟನ ಯಂತ್ರಮಗ್ಗವು 1785ರಲ್ಲಿಯೂ ಬಂದುವು. ಮನೆಯ ಕದಿರು ಗಿರಣಿಗೆ ಹೋಯಿತು, ಅದರ ಹಿಂದೆ ಮನೆಯ ಮಕ್ಕಳೂ ಹೋದರು. ಕಸುಬು ಕಳೆದುಕೊಳ್ಳುವ ಭೀತಿಯಿಂದ 1811ರಿಂದ ಮುಂದೆ ಕುಶಲಕರ್ಮಿಗಳು ಯಂತ್ರಗಳನ್ನು ಒಡೆಯತೊಡಗಿದರು. ಯಂತ್ರ ಒಡೆಯುವವರಿಗೆ ಮರಣದಂಡನೆ ವಿಧಿಸುವ ಮಸೂದೆಯು 1812ರಲ್ಲಿ ಪಾರ್ಲಿಮೆಂಟಿನ ಮುಂದೆ ಬಂದಾಗ, ತರುಣ ಕವಿ ಬೈರನ್ನನು ಪ್ರಭುಗಳ ಸಭೆಯಲ್ಲಿ ಅದನ್ನು ವಿರೋಧಿಸಿ ಮಾತನಾಡಿದನು. ಮಸೂದೆಯು ಶಾಸನವಾಗಿಯೇ ತೀರಿತು. 1833ರ ಕಾರ್ಖಾನೆ ಶಾಸನವು ರೇಷ್ಮೆ ಗಿರಣಿಗಳ ಹೊರತು ಉಳಿದ ಬಟ್ಟೆ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿತು, ಮೇಲ್ವಿಚಾರಣೆಗೆ ನಾಲ್ವರು ತನಿಖಾಧಿಕಾರಿಗಳನ್ನು ನೇಮಿಸಿತು. ಒಂಬತ್ತು ವರ್ಷದ ಮಗು ಗಿರಣಿಯಲ್ಲಿರುವುದು ಆ ಕಾಲಕ್ಕೆ ಸುಧಾರಣೆಯೆನಿಸಿತ್ತೆಂಬುದನ್ನು ಗಮನಿಸಿದರೆ, ಅದಕ್ಕೆ ಹಿಂದಿನ ಸ್ಥಿತಿಯನ್ನು ಊಹಿಸಬಹುದು.

ಈ ದಾರಿದ್ರ್ಯಕ್ಕೆ ಕಾರಣವೇನು ಎಂಬ ಜಿಜ್ಞಾಸೆಯಿಂದ ಅರ್ಥಶಾಸ್ತ್ರದ ಎರಡನೆಯ ತಲೆಮಾರು ರೂಪುಗೊಂಡಿತು. 1798ರಲ್ಲಿ ಮಾಲ್ಥಸನು ಜನಸಂಖ್ಯೆಯು ಗುಣೋತ್ತರ ಶ್ರೇಢಿಯಲ್ಲಿಯೂ ಆಹಾರವು ಸಮಾಂತರ ಶ್ರೇಢಿಯಲ್ಲಿಯೂ ಬೆಳೆಯುವುವೆಂದು ವಾದಿಸಿದನು. ಬಡತನವು ಆಳುವವರ ತಪ್ಪಿಗಿಂತ ಹೆಚ್ಚಾಗಿ ಪ್ರಕೃತಿಯ ನಿಯಮವೆಂಬ ಭಾವನೆಗೆ ಇದು ಆಸರೆಯಾಯಿತು. ಇದೇ ಮಾಲ್ಥಸನು 1805ರಿಂದ ಈಸ್ಟ್ ಇಂಡಿಯಾ ಕಂಪನಿಯ ವಿದ್ಯಾಶಾಲೆಯಲ್ಲಿ ಪ್ರಾಧ್ಯಾಪಕನಾಗಿ, ಭಾರತದ ಆಡಳಿತಕ್ಕೆ ಹೊರಟ ತರುಣರಿಗೆ ಪಾಠ ಹೇಳಿದನೆಂಬುದು ಭಾರತೀಯ ಓದುಗರಿಗೆ ಸ್ಮರಣೀಯ ಸಂಗತಿ. ಡೇವಿಡ್ ರಿಕಾರ್ಡೋ 1817ರ ತನ್ನ ಗ್ರಂಥದಲ್ಲಿ ವಸ್ತುವಿನ ಬೆಲೆಯು ಮುಖ್ಯವಾಗಿ ಅದರಲ್ಲಿ ಹುದುಗಿರುವ ಶ್ರಮದ ಪ್ರಮಾಣವನ್ನು ಅವಲಂಬಿಸಿದೆಯೆಂದು ನಿರೂಪಿಸಿದನು. ಯಂತ್ರಗಳಿಂದ ಎಲ್ಲರಿಗೂ ಲಾಭವೆಂದೇ ಆತನು ಮೊದಲು ನಂಬಿದ್ದನು. 1821ರ ಮೂರನೆಯ ಆವೃತ್ತಿಯಲ್ಲಿ ಯಂತ್ರಗಳ ಮೇಲೆ ಹೊಸ ಅಧ್ಯಾಯವೊಂದನ್ನು ಸೇರಿಸಿ, ಯಂತ್ರವು ಕಾರ್ಮಿಕರಿಗೆ ಹಾನಿಯನ್ನೂ ಮಾಡಬಲ್ಲುದೆಂದು ತನ್ನ ಹಿಂದಿನ ಅಭಿಪ್ರಾಯವನ್ನು ತಾನೇ ತಿದ್ದಿಕೊಂಡನು. ತನ್ನ ತರ್ಕದ ದೋಷವನ್ನು ಬಹಿರಂಗವಾಗಿ ಒಪ್ಪಿಕೊಂಡ ಈ ಪ್ರಾಮಾಣಿಕತೆಯು ಶಾಸ್ತ್ರಕಾರರಲ್ಲಿ ವಿರಳ.

ಲೆಕ್ಕದಿಂದ ಹೊರಬಿದ್ದ ಮನುಷ್ಯನನ್ನು ಮತ್ತೆ ಒಳತರಲು ಯತ್ನಿಸಿದವರಲ್ಲಿ ರಾಬರ್ಟ್ ಓವೆನ್ ಮೊದಲಿಗನಾಗಿ ಕಾಣುತ್ತಾನೆ. ಆತನು ಸ್ವತಃ ಗಿರಣಿಯ ಪಾಲುದಾರ. 1800ರಿಂದ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಗಿರಣಿಯ ಆಡಳಿತ ವಹಿಸಿದ ಆತನು ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸದಿಂದ ಬಿಡಿಸಿ ಶಾಲೆಗೆ ಕಳುಹಿಸಿದನು, ದಿನದ ದುಡಿಮೆಯನ್ನು ಹತ್ತೂವರೆ ಗಂಟೆಗೆ ಇಳಿಸಿದನು. ಅಮೆರಿಕದಿಂದ ಹತ್ತಿ ಬಾರದೆ ಗಿರಣಿ ನಿಂತಾಗ ನಾಲ್ಕು ತಿಂಗಳು ಕೆಲಸವಿಲ್ಲದೆಯೇ ಕೂಲಿ ಕೊಟ್ಟನು. ಇಷ್ಟಾದರೂ ಗಿರಣಿಯು ಲಾಭದಲ್ಲಿಯೇ ನಡೆಯಿತು. ಓವೆನ್ನನು ಒಡೆಯನ ಸದ್ಬುದ್ಧಿಯನ್ನು ನಂಬಿದರೆ, ಕಾರ್ಲ್ ಮಾರ್ಕ್ಸನು ಒಡೆತನವನ್ನೇ ಪ್ರಶ್ನಿಸಿದನು. 1867ರಲ್ಲಿ ಹೊರಬಂದ 'ಬಂಡವಾಳ' ಗ್ರಂಥದ ಮೊದಲ ಸಂಪುಟದಲ್ಲಿ ಆತನು ರಿಕಾರ್ಡೋನ ಶ್ರಮಸಿದ್ಧಾಂತವನ್ನೇ ಹಿಡಿದು ಮುಂದೆ ನಡೆದನು. ಕಾರ್ಮಿಕನು ಮಾರುವುದು ತನ್ನ ದುಡಿಯುವ ಶಕ್ತಿಯನ್ನು. ಆ ಶಕ್ತಿಯು ತನ್ನ ಕೂಲಿಗಿಂತ ಹೆಚ್ಚಿನ ಬೆಲೆಯನ್ನು ಹುಟ್ಟಿಸುತ್ತದೆ. ಆ ಹೆಚ್ಚಳವು ಬಂಡವಾಳಗಾರನ ಪಾಲಾಗುತ್ತದೆ. ಈ ವಾದಕ್ಕೆ ಬೇಕಾದ ಆಧಾರಗಳಲ್ಲಿ ಬಹುಭಾಗವನ್ನು ಆತನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯದಲ್ಲಿ ಕುಳಿತು, ಸರಕಾರದ ಕಾರ್ಖಾನೆ ತನಿಖಾಧಿಕಾರಿಗಳ ವರದಿಗಳಿಂದಲೇ ಸಂಗ್ರಹಿಸಿದನು. ಗಾದೆಯ ಕೈ ಮತ್ತು ಬಾಯಿ ಬೇರೆಯಾದ ಬಗೆಯನ್ನು ಶಾಸ್ತ್ರದ ಭಾಷೆಯಲ್ಲಿ ಹೇಳಿದ ಗ್ರಂಥವಿದು.

ಇದೇ ದಶಕಗಳಲ್ಲಿ ವಿಜ್ಞಾನವೂ ದುಡಿಮೆಯನ್ನು ಅಳೆಯತೊಡಗಿತ್ತು. ತನ್ನ ಯಂತ್ರವನ್ನು ಕೊಳ್ಳುವವರು ಅದುವರೆಗೆ ಕುದುರೆಗಳಿಂದ ಕೆಲಸ ಮಾಡಿಸುತ್ತಿದ್ದವರಾದ್ದರಿಂದ, ತನ್ನ ಯಂತ್ರವು ಎಷ್ಟು ಕುದುರೆಗಳಿಗೆ ಸಮ ಎಂದು ಹೇಳುವುದು ವಾಟನಿಗೆ ಅಗತ್ಯವಾಯಿತು. ಒಂದು ನಿಮಿಷದಲ್ಲಿ 33,000 ಪೌಂಡು ತೂಕವನ್ನು ಒಂದು ಅಡಿ ಮೇಲೆತ್ತುವುದನ್ನು ಆತನು ಒಂದು ಅಶ್ವಶಕ್ತಿಯೆಂದು ಗೊತ್ತುಮಾಡಿದನು. ವ್ಯಾಪಾರದ ಅನುಕೂಲಕ್ಕೆ ಹುಟ್ಟಿದ ಈ ಮಾನವು ಶಾಸ್ತ್ರದ ಮಾನವಾಯಿತು. ಫ್ರಾನ್ಸಿನ ತರುಣ ಎಂಜಿನಿಯರ್ ಸಾದಿ ಕಾರ್ನೋ 1824ರಲ್ಲಿ ಪ್ರಕಟಿಸಿದ ಚಿಕ್ಕ ಪುಸ್ತಕದಲ್ಲಿ, ನೀರು ಎತ್ತರದಿಂದ ತಗ್ಗಿಗೆ ಬೀಳುವಾಗ ಗಾಲಿಯನ್ನು ತಿರುಗಿಸುವಂತೆ ಉಷ್ಣವು ಬಿಸಿಯಿಂದ ತಂಪಿಗೆ ಇಳಿಯುವಾಗ ಮಾತ್ರ ಯಂತ್ರವನ್ನು ನಡೆಸುತ್ತದೆಂದು ತೋರಿಸಿದನು. 1829ರಲ್ಲಿ ಅದೇ ದೇಶದ ಕೊರಿಯೋಲಿಸನು ಬಲವನ್ನು ದೂರದಿಂದ ಗುಣಿಸಿದ ಪರಿಮಾಣಕ್ಕೆ ಕೂಲಿಯವನ ದುಡಿಮೆಗೆ ಇರುವ ಪದವನ್ನೇ ಹೆಸರಾಗಿ ಇಟ್ಟನು. ಇಂದಿಗೂ ಕನ್ನಡದ ಭೌತಶಾಸ್ತ್ರದ ಪಠ್ಯಗಳಲ್ಲಿ ಅದು 'ಕೆಲಸ' ಎಂದೇ ಕರೆಯಲ್ಪಡುತ್ತದೆ. ಮನುಷ್ಯನು ಮಾಡಿದರೂ ಕುದುರೆ ಮಾಡಿದರೂ ಕಲ್ಲಿದ್ದಲು ಮಾಡಿದರೂ ಅದು ಒಂದೇ ಕೆಲಸ. ಮಾಡಿದವರು ಯಾರು ಎಂದು ಈ ಸಮೀಕರಣವು ಕೇಳುವುದಿಲ್ಲ.

1840ರಲ್ಲಿ ಜಾವಾ ದ್ವೀಪಕ್ಕೆ ಹೋಗಿದ್ದ ಹಡಗಿನ ವೈದ್ಯ ಯೂಲಿಯಸ್ ಮೇಯರನು, ಉಷ್ಣಪ್ರದೇಶದಲ್ಲಿ ನಾವಿಕರ ಅಭಿಧಮನಿಯ ರಕ್ತವು ಹೆಚ್ಚು ಕೆಂಪಾಗಿರುವುದನ್ನು ಕಂಡು ಚಿಂತನೆಗೆ ತೊಡಗಿದನು. ಬಿಸಿಯ ನಾಡಿನಲ್ಲಿ ದೇಹವು ತನ್ನ ಕಾವಿಗಾಗಿ ಕಡಿಮೆ ಆಹಾರವನ್ನು ಉರಿಸುತ್ತದೆ, ಹಾಗಾದರೆ ಆಹಾರ, ಉಷ್ಣ ಮತ್ತು ದೇಹದ ದುಡಿಮೆ ಒಂದೇ ಲೆಕ್ಕಕ್ಕೆ ಸೇರಿದುವೆಂದು ಆತನು ತರ್ಕಿಸಿದನು. ಮ್ಯಾಂಚೆಸ್ಟರ್ ಪ್ರಾಂತದ ಮದ್ಯ ತಯಾರಕನ ಮಗನಾದ ಜೇಮ್ಸ್ ಜೂಲನು ಇದನ್ನು ಪ್ರಯೋಗದಿಂದ ಅಳೆದನು. ಕೆಳಗಿಳಿಯುವ ತೂಕಗಳಿಂದ ನೀರಿನೊಳಗಿನ ರೆಕ್ಕೆಗಾಲಿಯನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಸೂಕ್ಷ್ಮ ಉಷ್ಣಮಾಪಕದಿಂದ ನೋಡಿದನು. ಒಂದು ಪೌಂಡು ನೀರನ್ನು ಒಂದು ಫ್ಯಾರನ್‌ಹೀಟ್ ಅಂಶ ಬಿಸಿಮಾಡುವ ಉಷ್ಣವು 772 ಪೌಂಡು ತೂಕವು ಒಂದು ಅಡಿ ಇಳಿಯುವ ಕೆಲಸಕ್ಕೆ ಸಮವೆಂಬುದು 1850ರಲ್ಲಿ ಆತನು ಪ್ರಕಟಿಸಿದ ನಿರ್ಣಯ. ಇಂದು ಒಪ್ಪಿರುವ 778ಕ್ಕೆ ಇದು ಅತಿ ಸಮೀಪವಾದುದು. 1847ರಲ್ಲಿ ಹೆಲ್ಮ್‌ಹೋಲ್ಟ್ಸನು ಶಕ್ತಿಯು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ, ರೂಪಾಂತರ ಹೊಂದುತ್ತದೆ ಎಂಬ ತತ್ತ್ವಕ್ಕೆ ಗಣಿತದ ರೂಪ ಕೊಟ್ಟನು. ಕ್ಲೌಸಿಯಸ್ ಮತ್ತು ವಿಲಿಯಂ ಥಾಮ್ಸನ್ನರು ಇದರ ಜತೆಗೆ ಇನ್ನೊಂದು ಕಟುಸತ್ಯವನ್ನು ಸೇರಿಸಿದರು. ಶಕ್ತಿಯು ಅಳಿಯದಿದ್ದರೂ ಚದರುತ್ತದೆ, ಚದರಿದ ಶಕ್ತಿಯಿಂದ ಮತ್ತೆ ಅಷ್ಟೇ ಕೆಲಸ ಮಾಡಿಸಲಾಗದು. ಸುಟ್ಟ ಕಲ್ಲಿದ್ದಲು ಮರಳಿ ಬಾರದು.

ಅರ್ಥಶಾಸ್ತ್ರ ಮತ್ತು ವಿಜ್ಞಾನಗಳು ಪರಸ್ಪರ ಕೊಟ್ಟುಕೊಂಡ ಎರಡು ನಿದರ್ಶನಗಳು ಇಲ್ಲಿ ಉಲ್ಲೇಖಾರ್ಹ. 1838ರ ಶರತ್ಕಾಲದಲ್ಲಿ ಚಾರ್ಲ್ಸ್ ಡಾರ್ವಿನ್ನನು ಮಾಲ್ಥಸನ ಪ್ರಬಂಧವನ್ನು ಓದಿದನು. ಬದುಕಿ ಉಳಿಯಬಲ್ಲುದಕ್ಕಿಂತ ಹೆಚ್ಚು ಜೀವಿಗಳು ಹುಟ್ಟುವಲ್ಲಿ ಹೋರಾಟ ಅನಿವಾರ್ಯ, ಆ ಹೋರಾಟದಲ್ಲಿ ಅನುಕೂಲ ಗುಣವುಳ್ಳವು ಉಳಿಯುತ್ತವೆ ಎಂಬ ಸೂತ್ರವು ಆತನಿಗೆ ಅಲ್ಲಿ ದೊರೆಯಿತು. 1859ರಲ್ಲಿ 'ಜೀವಜಾತಿಗಳ ಉಗಮ' ಪ್ರಕಟವಾಯಿತು. ಬ್ರಿಟನ್ನಿನ ಸಮಾಜದ ಪೈಪೋಟಿಯನ್ನೇ ಡಾರ್ವಿನ್ನನು ಪಶುಪಕ್ಷಿಗಳಲ್ಲಿ ಕಂಡಿದ್ದಾನೆಂದು ಮಾರ್ಕ್ಸನು ಪತ್ರವೊಂದರಲ್ಲಿ ಪರಿಹಾಸದಿಂದ ಬರೆದನು. ಇನ್ನು ಎರಡನೆಯದು ಸ್ಟ್ಯಾನ್ಲಿ ಜೆವನ್ಸನ ಕಥೆ. 1865ರಲ್ಲಿ ಆತನು ಬ್ರಿಟನ್ನಿನ ಕಲ್ಲಿದ್ದಲಿನ ಭವಿಷ್ಯವನ್ನು ಚರ್ಚಿಸುತ್ತ, ಯಂತ್ರಗಳು ಕಡಿಮೆ ಕಲ್ಲಿದ್ದಲಿನಿಂದ ಹೆಚ್ಚು ಕೆಲಸ ಮಾಡತೊಡಗಿದಷ್ಟೂ ಕಲ್ಲಿದ್ದಲಿನ ಬಳಕೆಯು ಇಳಿಯದೆ ಏರುತ್ತದೆ ಎಂಬ ವಿಚಿತ್ರ ಸತ್ಯವನ್ನು ಎತ್ತಿ ತೋರಿಸಿದನು. 1871ರಲ್ಲಿ ಅದೇ ಜೆವನ್ಸನು, ಬೆಲೆಗೆ ಮೂಲವು ಶ್ರಮವಲ್ಲ, ಕೊಳ್ಳುವವನಿಗೆ ವಸ್ತುವಿನ ಕೊನೆಯ ಅಂಶದಿಂದ ದೊರೆಯುವ ತೃಪ್ತಿಯೆಂದು ಸಾರಿದನು. ಆಸ್ಟ್ರಿಯಾದ ಮೆಂಗರನು ಅದೇ ವರ್ಷ ಸ್ವತಂತ್ರವಾಗಿ ಇಂಥದೇ ವಿಚಾರವನ್ನು ಮಂಡಿಸಿದನು. ಲೆಕ್ಕವು ಇದರಿಂದ ಸೂಕ್ಷ್ಮವಾಯಿತೆಂಬುದು ನಿರ್ವಿವಾದ. ಆದರೆ ಸ್ಮಿತ್ ಮತ್ತು ರಿಕಾರ್ಡೋ ಬೆಲೆಯ ಮೂಲದಲ್ಲಿ ಇರಿಸಿದ್ದ ದುಡಿಯುವವನ ಸ್ಥಾನಕ್ಕೆ ಈಗ ಕೊಳ್ಳುವವನು ಬಂದನು.

ಶಾಸ್ತ್ರಗಳು ಹೀಗೆ ದುಡಿಮೆಯನ್ನು ಸಂಖ್ಯೆಯನ್ನಾಗಿ ಮಾಡುತ್ತಿದ್ದಾಗ ಕಲೆಯು ಏನು ಮಾಡುತ್ತಿತ್ತು? ಮೊದಲಿಗೆ ಅದು ಯಂತ್ರದ ವೈಭವಕ್ಕೆ ಬೆರಗಾಯಿತು. ಡರ್ಬಿಯ ಜೋಸೆಫ್ ರೈಟನು ಕ್ರಾಮ್‌ಫರ್ಡಿನ ಗಿರಣಿಯನ್ನು ರಾತ್ರಿಯ ಹೊತ್ತಿನಲ್ಲಿ ಚಿತ್ರಿಸಿದನು. ಬೆಳದಿಂಗಳ ಕಣಿವೆಯಲ್ಲಿ ಗಿರಣಿಯ ಸಾಲುಕಿಟಕಿಗಳೆಲ್ಲ ಬೆಳಗುತ್ತಿವೆ. ನೋಟ ರಮ್ಯವಾಗಿದೆ, ಆದರೆ ಆ ಬೆಳಕಿನ ಅರ್ಥ ಒಳಗೆ ರಾತ್ರಿಯೂ ದುಡಿಮೆ ನಡೆದಿದೆಯೆಂಬುದು. 1844ರಲ್ಲಿ ಟರ್ನರನು ಮಳೆ, ಉಗಿ ಮತ್ತು ವೇಗಗಳನ್ನು ಒಂದೇ ಚಿತ್ರದಲ್ಲಿ ಬೆರೆಸಿ, ಸೇತುವೆಯ ಮೇಲೆ ಧಾವಿಸುವ ರೈಲನ್ನೂ ಅದರ ಮುಂದೆ ಓಡುವ ಪುಟ್ಟ ಮೊಲವನ್ನೂ ತೋರಿಸಿದನು. ಫ್ರಾನ್ಸಿನ ಗುಸ್ತಾವ್ ಕೂರ್ಬೆ 1849ರಲ್ಲಿ ಹೊಸ ದಾರಿ ತೆರೆದನು. ಆತನ 'ಕಲ್ಲು ಒಡೆಯುವವರು' ಚಿತ್ರದಲ್ಲಿ ಒಬ್ಬ ಮುದುಕ, ಒಬ್ಬ ಹುಡುಗ ರಸ್ತೆಯ ಬದಿಯಲ್ಲಿ ಜಲ್ಲಿ ಮಾಡುತ್ತಿದ್ದಾರೆ. ಅಂಗಿ ಹರಿದಿದೆ, ಮುಖಗಳು ಪೂರ್ತಿ ಕಾಣವು. ಹುಡುಗನು ಮುಂದೆ ಆ ಮುದುಕನಂತೆಯೇ ಆಗುವನೆಂಬುದನ್ನು ಚಿತ್ರವು ಮಾತಿಲ್ಲದೆ ಹೇಳುತ್ತದೆ. ಅರಸರಿಗೂ ಪುರಾಣಪುರುಷರಿಗೂ ಮೀಸಲಾಗಿದ್ದ ದೊಡ್ಡ ಅಳತೆಯ ಪಟದಲ್ಲಿ ಕೂಲಿಯವರನ್ನು ಕಂಡು ಪ್ಯಾರಿಸಿನ ರಸಿಕರು ಕನಲಿದರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಈ ಚಿತ್ರವು ಡ್ರೆಸ್ಡೆನ್ ನಗರದ ಬಳಿ ನಾಶವಾಯಿತೆಂದು ಕಲಾ ಇತಿಹಾಸಕಾರರು ಹೇಳುತ್ತಾರೆ. 1857ರಲ್ಲಿ ಮಿಲೆಯು ಸುಗ್ಗಿ ಮುಗಿದ ಹೊಲದಲ್ಲಿ ಹಕ್ಕಲಾಯುವ ಮೂವರು ಹೆಂಗಸರನ್ನು ಅಂಥದೇ ಗಾಂಭೀರ್ಯದಿಂದ ಚಿತ್ರಿಸಿದನು.

ಇಂಗ್ಲೆಂಡಿನ ಫೋರ್ಡ್ ಮ್ಯಾಡಕ್ಸ್ ಬ್ರೌನನು 1852ರಿಂದ 1865ರವರೆಗೆ ಶ್ರಮಿಸಿ ಪೂರ್ತಿಗೊಳಿಸಿದ ಚಿತ್ರದ ಹೆಸರೇ 'ಕೆಲಸ'. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬೀದಿಯಲ್ಲಿ ನಡುಹಗಲ ಬಿಸಿಲಿನಲ್ಲಿ ಕೂಲಿಗಳು ರಸ್ತೆ ಅಗೆಯುತ್ತಿರುವುದು ಅದರ ಕೇಂದ್ರ. ಮುಂಭಾಗದಲ್ಲಿ ತಾಯಿಯಿಲ್ಲದ ಮಕ್ಕಳ ಗುಂಪನ್ನು ಅಕ್ಕನೇ ಸಾಕುತ್ತಿದ್ದಾಳೆ. ಹಿಂದೆ ಕುದುರೆಯೇರಿದ ಶ್ರೀಮಂತರು ದಾರಿ ಸಿಗದೆ ನಿಂತಿದ್ದಾರೆ. ಬಲಬದಿಗೆ ಬೇಲಿಗೊರಗಿ ನೋಡುತ್ತಿರುವ ಇಬ್ಬರು ಥಾಮಸ್ ಕಾರ್ಲೈಲ್ ಮತ್ತು ಎಫ್. ಡಿ. ಮಾರಿಸ್. ಬುದ್ಧಿಯಿಂದ ದುಡಿಯುವವರೂ ಕೆಲಸಗಾರರೇ ಎಂಬುದು ಚಿತ್ರಕಾರನ ಆಶಯ. ಈ ಮಾರಿಸನು 1854ರಲ್ಲಿ ಲಂಡನ್ನಿನಲ್ಲಿ ಕಾರ್ಮಿಕರ ಕಾಲೇಜನ್ನು ಸ್ಥಾಪಿಸಿದ ಧರ್ಮಗುರು. ಅಲ್ಲಿ ದುಡಿದು ಬಂದ ಕಾರ್ಮಿಕರಿಗೆ ಸಂಜೆಯ ಹೊತ್ತು ಚಿತ್ರಕಲೆ ಕಲಿಸಿದವನು ಜಾನ್ ರಸ್ಕಿನ್.

ಮೂರು ಧಾರೆಗಳೂ ಕೂಡುವ ಸಂಗಮವನ್ನು ರಸ್ಕಿನ್ನನಲ್ಲಿ ಕಾಣಬಹುದು. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ನಡೆದ ಮಹಾಪ್ರದರ್ಶನವನ್ನು ಜನ ಸುಮಾರು 60 ಲಕ್ಷ ಸಲ ಪ್ರವೇಶಿಸಿ ನೋಡಿದ್ದರು. ಯಂತ್ರನಿರ್ಮಿತ ವಸ್ತುಗಳ ಆ ಮೇಳದಲ್ಲಿ ಭಾರತದ ಕೈಮಗ್ಗದ ಬಟ್ಟೆಗಳ ವರ್ಣಸಂಯೋಜನೆಯೇ ಶ್ರೇಷ್ಠವೆಂದು ಓವೆನ್ ಜೋನ್ಸನಂಥ ವಿನ್ಯಾಸಕಾರರು ಮೆಚ್ಚಿದರು. ಕೈಯ ಕೆಲಸ ಏಕೆ ಚೆಲುವು ಎಂಬ ಪ್ರಶ್ನೆಗೆ ರಸ್ಕಿನ್ನನು 1853ರಲ್ಲಿ ಗಾಥಿಕ್ ಶಿಲ್ಪವನ್ನು ಕುರಿತ ತನ್ನ ಅಧ್ಯಾಯದಲ್ಲಿ ಉತ್ತರ ಕೊಟ್ಟನು. ಮಧ್ಯಯುಗದ ಕಲ್ಲುಕುಟಿಗನ ಕೆತ್ತನೆ ಒರಟಾಗಿರಬಹುದು, ಆದರೆ ಅದರಲ್ಲಿ ಅವನ ಮನಸ್ಸಿಗೆ ಸ್ವಾತಂತ್ರ್ಯವಿತ್ತು. ಸ್ಮಿತ್ತನ ಗುಂಡುಸೂಜಿಯನ್ನೇ ಎತ್ತಿಕೊಂಡು ಆತನು, ಅಲ್ಲಿ ತುಂಡಾದದ್ದು ಶ್ರಮವಲ್ಲ, ಮನುಷ್ಯನೇ ಎಂದು ಖಂಡಿಸಿದನು. 1860ರಲ್ಲಿ ಆತನು ಅರ್ಥಶಾಸ್ತ್ರವನ್ನು ನೇರವಾಗಿ ವಿಮರ್ಶಿಸುವ ಲೇಖನಮಾಲೆಯನ್ನು ಪತ್ರಿಕೆಯೊಂದರಲ್ಲಿ ಆರಂಭಿಸಿದಾಗ, ಓದುಗರ ಪ್ರತಿಭಟನೆಯಿಂದ ಅದು ನಾಲ್ಕು ಕಂತುಗಳಿಗೇ ನಿಂತಿತು. 1862ರಲ್ಲಿ ಆ ನಾಲ್ಕು ಲೇಖನಗಳು 'ಅನ್ ಟು ದಿಸ್ ಲಾಸ್ಟ್' ಎಂಬ ಪುಸ್ತಕವಾದುವು. ರಸ್ಕಿನ್ನನ ವಿಚಾರವನ್ನು ಕೃತಿಗಿಳಿಸಿದವನು ವಿಲಿಯಂ ಮಾರಿಸ್. ಕವಿಯಾದ ಆತನು ಬಟ್ಟೆಗೆ ನೀಲಿಯ ಬಣ್ಣ ಹಾಕುವುದನ್ನು ಸ್ವತಃ ತೊಟ್ಟಿಯಲ್ಲಿ ಕೈಯದ್ದಿ ಕಲಿತನು. ಆದರೆ ಕೈಯಿಂದ ಮಾಡಿದ ಚೆಲುವಾದ ವಸ್ತು ದುಬಾರಿಯಾಗಿ ಶ್ರೀಮಂತರ ಮನೆಯನ್ನೇ ಸೇರಿತು. ಈ ವಿರೋಧಾಭಾಸವು ಆತನನ್ನು ಕೊನೆಗೆ ಸಮಾಜವಾದಿಯನ್ನಾಗಿ ಮಾಡಿತು.

ಈ ಎಲ್ಲ ವಿಚಾರಗಳ ನೆರಳು ದೂರದ ಕರ್ನಾಟಕದ ಮೇಲೆಯೂ ಬಿದ್ದಿದೆ. ಲ್ಯಾಂಕಶೈರಿನ ಗಿರಣಿಯ ನೂಲು ಬಂದಂತೆ ನಮ್ಮ ಹಳ್ಳಿಗಳ ಕೈನೂಲು ಹಿಂಜರಿಯಿತು. 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿಯ ಬೀಜವನ್ನು ಬೆಳೆಸಲಾರಂಭಿಸಿದ್ದರು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಗಿರಣಿಗಳಿಗೆ ಹತ್ತಿಯ ಬರಗಾಲ ಬಂದಾಗ ಧಾರವಾಡದ ಹತ್ತಿಗೆ ಬೇಡಿಕೆಯೂ ಬೆಲೆಯೂ ಏರಿದುವು, ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಯಾರೋ ಎಲ್ಲಿಯೋ ಕಾಣದ ಪೇಟೆಯಲ್ಲಿ ತನ್ನ ಬೆವರಿನ ಬೆಲೆಯನ್ನು ಗೊತ್ತುಮಾಡುವರೆಂಬುದನ್ನು ಇಲ್ಲಿಯ ಒಕ್ಕಲಿಗನು ಹೀಗೆ ಅರಿತನು.

1904ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟ ಗಾಂಧೀಜಿಯವರ ಕೈಗೆ ಮಿತ್ರ ಪೊಲಾಕರು ರಸ್ಕಿನ್ನನ ಆ ಚಿಕ್ಕ ಪುಸ್ತಕವನ್ನು ಕೊಟ್ಟರು. ಗಾಂಧೀಜಿಯವರು ರೈಲಿನಲ್ಲಿಯೇ ಅದನ್ನು ಓದಿದರು, ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಸರ್ವರ ಹಿತದಲ್ಲಿಯೇ ಒಬ್ಬನ ಹಿತವಿದೆ, ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ, ಮೈಮುರಿದು ದುಡಿಯುವ ಬಾಳೇ ಬಾಳು ಎಂಬ ಮೂರು ಪಾಠಗಳನ್ನು ಅವರು ಅದರಿಂದ ಪಡೆದರು. ಅದೇ ವರ್ಷ ಫೀನಿಕ್ಸ್ ಆಶ್ರಮ ಹುಟ್ಟಿತು. 1908ರಲ್ಲಿ ಆ ಕೃತಿಯ ಸಾರವನ್ನು 'ಸರ್ವೋದಯ' ಎಂಬ ಹೆಸರಿನಿಂದ ಗುಜರಾತಿಗೆ ತಂದರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಅವರ ಅಧ್ಯಕ್ಷತೆಯಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನವು, ಸದಸ್ಯತ್ವಕ್ಕೆ ಹಣದ ವಂತಿಗೆಯ ಬದಲು ತಿಂಗಳಿಗೆ 2,000 ಗಜ ಕೈನೂಲನ್ನು ಕೊಡಬೇಕೆಂಬ ನಿಯಮವನ್ನು ಅಂಗೀಕರಿಸಿತು. ನಿಯಮವು ಬಹುಕಾಲ ಬಾಳಲಿಲ್ಲ. ಆದರೂ ಕ್ರಾಮ್‌ಫರ್ಡಿನ ಗಿರಣಿಗೆ ಹೋದ ಕದಿರು ಒಂದೂವರೆ ಶತಮಾನದ ಮೇಲೆ ಕನ್ನಡ ನೆಲದಲ್ಲಿ ಒಂದು ರಾಷ್ಟ್ರದ ಪ್ರಜೆಗಳ ಕೈಗೆ ಮರಳುವಂತಾದುದು ಇತಿಹಾಸದ ಅರ್ಥಪೂರ್ಣ ಘಟನೆ.

ಯಂತ್ರಯುಗದ ವಿಚಾರಗಳನ್ನು ಕೇವಲ ದೂಷಿಸುವುದು ನ್ಯಾಯವಲ್ಲ. ಯಂತ್ರದಿಂದ ಬಟ್ಟೆ ಬಡವನಿಗೂ ಎಟುಕಿತು, ಉಷ್ಣಶಾಸ್ತ್ರವಿಲ್ಲದೆ ಇಂದಿನ ವಿದ್ಯುಚ್ಛಕ್ತಿಯಿಲ್ಲ, ಅಳತೆಯಿಲ್ಲದೆ ಶಾಸ್ತ್ರವಿಲ್ಲ. ಆದರೆ ಅಳೆಯುವವರಲ್ಲಿ ಶ್ರೇಷ್ಠರಾದವರು ಅಳತೆಯ ಮಿತಿಯನ್ನೂ ಬಲ್ಲವರಾಗಿದ್ದರು. ಸ್ಮಿತ್ತನ ಐದನೆಯ ಭಾಗ, ರಿಕಾರ್ಡೋನ ಹೊಸ ಅಧ್ಯಾಯ, ಜೆವನ್ಸನ ಕಲ್ಲಿದ್ದಲಿನ ಚಿಂತೆಗಳು ಇದಕ್ಕೆ ಸಾಕ್ಷಿ. ಆ ಮಿತಿಯ ಆಚೆಗಿರುವ ಮನುಷ್ಯನನ್ನು ಕೂರ್ಬೆ, ಬ್ರೌನ್, ರಸ್ಕಿನ್ನರು ಕಣ್ಣೆದುರು ತಂದು ನಿಲ್ಲಿಸಿದರು. ಮನುಷ್ಯನ ಕೈಗಳಿಗೆ ಬದಲಾಗಿ ಹೊಸ ಹೊಸ ಯಂತ್ರಗಳು ಬರುತ್ತಿರುವ ಇಂದಿನ ಕಾಲದಲ್ಲಿಯೂ ಅವರು ಕೇಳಿದ ಪ್ರಶ್ನೆ ಹಳೆಯದಾಗಿಲ್ಲ. ಕೆಸರಾದ ಕೈಗೆ ಮೊಸರು ಸಿಕ್ಕಿತೇ ಎಂದು ಕೇಳುವ ಹೊಣೆಯು ಅರ್ಥಶಾಸ್ತ್ರಜ್ಞನಿಗೂ ವಿಜ್ಞಾನಿಗೂ ಕಲಾವಿದನಿಗೂ ಸಮಾನವಾಗಿ ಸೇರಿದೆ.